ವಯಸ್ಸಾದ ಸ್ಯಾಕ್ಸೋಫೋನ್ ವಾದಕರನ್ನು ಕ್ಲಬ್‌ನಲ್ಲೇ ಯಾಕೆ ಕೇಳಬೇಕು?

ಸ್ಯಾಕ್ಸೋಫೋನ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಕಂಡ ಈ ವಾದ್ಯಕ್ಕೆ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಅವರು. ಆದರೆ ಸ್ಯಾಕ್ಸೋಫೋನಿನ ದೊಡ್ಡ ತವರು ಅಂದ್ರೆ ಅಮೆರಿಕದ ಜಾಝ್ ಕ್ಲಬ್‌ಗಳು. ಅಲ್ಲಿ ಎಂಬತ್ತು ದಾಟಿದವರೂ ವೇದಿಕೆ ಏರುತ್ತಾರೆ. ಬೆರಳು ಮೊದಲಿನಷ್ಟು ಓಡಲ್ಲ, ಉಸಿರು ಮೊದಲಿನಷ್ಟು ನಿಲ್ಲಲ್ಲ. ಅದೇ ವಾದಕರು ಮೂವತ್ತರ ಹರೆಯದಲ್ಲಿ ನುಡಿಸಿದ್ದು ನಮ್ಮ ಫೋನ್‌ನಲ್ಲೇ ಸಿಗುತ್ತೆ. ಆದರೂ ಜನ ಟಿಕೆಟ್ ಕೊಂಡು ಹೋಗ್ತಾರೆ. ಯಾಕೆ?

ಉತ್ತರ ಹುಡುಕೋಕೆ ಒಂದು ಜಾಗ, ಒಬ್ಬ ವಾದಕರನ್ನು ತಗೊಳ್ಳೋಣ.

ಜಾಗ

ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ಕ್ಲಬ್ ಇದೆ. 1935ರಲ್ಲಿ ಮ್ಯಾಕ್ಸ್ ಗಾರ್ಡನ್ ಶುರು ಮಾಡಿದ್ದು. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದರೆ ತ್ರಿಕೋನಾಕಾರದ ಒಂದು ಕೋಣೆ. ನೂರಿಪ್ಪತ್ತು ಜನ ಕೂತರೆ ಭರ್ತಿ, ಅಂದ್ರೆ ನಮ್ಮ ಒಂದು ಕ್ಲಾಸ್‌ರೂಮಿನಷ್ಟು. ಸಂಗೀತ ಶುರುವಾದ ಮೇಲೆ ಮಾತಾಡೋ ಹಾಗಿಲ್ಲ, ಫೋನ್ ತೆಗೆಯೋ ಹಾಗಿಲ್ಲ. ಸೋನಿ ರೋಲಿನ್ಸ್ 1957ರಲ್ಲಿ, ಜಾನ್ ಕೋಲ್ಟ್ರೇನ್ 1961ರಲ್ಲಿ ಪ್ರಸಿದ್ಧ ಆಲ್ಬಮ್‌ಗಳನ್ನು ಲೈವ್ ಆಗಿ ರೆಕಾರ್ಡ್ ಮಾಡಿದ್ದು ಇಲ್ಲೇ.

ವಾದ್ಯ

ಇಲ್ಲಿ ಸ್ವಲ್ಪ ಫಿಸಿಕ್ಸ್. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಹಿತ್ತಾಳೆಯದಾದರೂ ನಾದ ಹುಟ್ಟೋದು ಬಾಯಿಯ ತುದಿಯಲ್ಲಿರುವ ತೆಳು ರೀಡ್‌ನಿಂದ. ಕ್ಲಾರಿನೆಟ್‌ನ ಕೊಳವೆ ಹೆಚ್ಚುಕಡಿಮೆ ಸಿಲಿಂಡರ್, ಹಾಗಾಗಿ ಅದರ ಕೆಳಸ್ಥಾಯಿಯಲ್ಲಿ ಬೆಸ ಹಾರ್ಮೋನಿಕ್‌ಗಳದ್ದೇ ಮೇಲುಗೈ. ಸ್ಯಾಕ್ಸೋಫೋನ್ ಕೊಳವೆ ಶಂಕುವಿನಾಕಾರ. ಅದರಲ್ಲಿ ಸರಿ, ಬೆಸ ಎರಡೂ ಬರುತ್ತವೆ. ದನಿಗೆ ಆ ತುಂಬುತನ ಬರೋದಕ್ಕೆ ಇದೂ ಒಂದು ಕಾರಣ.

ಸ್ವರ ಮೂಡಿಸೋಕೆ ಕೀಲಿ ಒತ್ತಿದರೆ ಸಾಲದು. ತುಟಿ, ದವಡೆ, ಗಂಟಲು, ಉಸಿರಿನ ಒತ್ತಡ, ಎಲ್ಲದರಿಂದಲೂ ನಾದ ಬದಲಾಗುತ್ತೆ. ಅದಕ್ಕೇ ಒಂದೇ ಸ್ಯಾಕ್ಸೋಫೋನನ್ನು ಇಬ್ಬರ ಕೈಗೆ ಕೊಟ್ಟರೆ ಎರಡು ದನಿ. ವಯಸ್ಸಾದಂತೆ ಮೈ ಬದಲಾದರೆ ದನಿಯೂ ಬದಲಾಗುತ್ತೆ, ಮುಚ್ಚಿಡೋಕೆ ಆಗಲ್ಲ. ಚಿಕ್ಕ ಕೋಣೆಯಲ್ಲಿ ಉಸಿರೆಳೆದ ಸದ್ದು, ಕೀಲಿಯ ಟಕಟಕ ಕೂಡ ಕೇಳುತ್ತೆ.

ಆಟದ ನಿಯಮ

ಜಾಝ್ ಅಂದ್ರೆ ಮನಸ್ಸಿಗೆ ಬಂದದ್ದನ್ನು ನುಡಿಸೋದು ಅಂತ ಹಲವರ ಕಲ್ಪನೆ. ಹಾಗಲ್ಲ. ಸಾಮಾನ್ಯವಾಗಿ ಒಂದು ಹಳೇ ಹಾಡನ್ನು ಆಯ್ದುಕೊಳ್ತಾರೆ. ಬಹಳಷ್ಟು ಹಾಡುಗಳಿಗೆ 32 ಬಾರ್: ಎಂಟೆಂಟರ ನಾಲ್ಕು ಭಾಗ. ಈ ಒಂದು ಸುತ್ತಿಗೆ ಕೋರಸ್ ಅಂತ ಹೆಸರು. ನಮ್ಮ ತಾಳದ ಆವರ್ತನದ ಹಾಗೆ ಅದು ಮತ್ತೆ ಮತ್ತೆ ಬರುತ್ತೆ. ಮೊದಲು ಮೂಲ ರಾಗಧಾಟಿ ನುಡಿಸಿ, ಆಮೇಲೆ ಅದರ ಚೌಕಟ್ಟಿನಲ್ಲೇ ಹೊಸದನ್ನು ಕಟ್ಟುತ್ತಾರೆ. ಕಲ್ಪನಾಸ್ವರ ಕೇಳಿದವರಿಗೆ ಇದು ತೀರಾ ಹೊಸದೇನಲ್ಲ. ವ್ಯತ್ಯಾಸ ಏನಂದ್ರೆ, ಅಲ್ಲಿ ಶ್ರುತಿ, ರಾಗ ಸ್ಥಿರವಾಗಿರುತ್ತೆ. ಇಲ್ಲಿ ಕೆಳಗಿನ ಕಾರ್ಡ್ ಒಂದೆರಡು ಬಾರ್‌ಗೊಮ್ಮೆ ಬದಲಾಗ್ತಾ ಹೋಗುತ್ತೆ.

ವಾದಕ

ಲೀ ಕೋನಿಟ್ಸ್ ಹುಟ್ಟಿದ್ದು 1927ರಲ್ಲಿ, ಶಿಕಾಗೋದಲ್ಲಿ. ನುಡಿಸ್ತಿದ್ದದ್ದು ಆಲ್ಟೋ ಸ್ಯಾಕ್ಸೋಫೋನ್. ಆ ಕಾಲದ ಆಲ್ಟೋ ವಾದಕರೆಲ್ಲ ಚಾರ್ಲಿ ಪಾರ್ಕರ್ ಹಿಂದೆ ಓಡ್ತಿದ್ದಾಗ, ಪಿಯಾನೋ ವಾದಕ ಲೆನಿ ಟ್ರಿಸ್ಟಾನೋ ಬಳಿ ಕಲಿತ ಇವರು ಹಗುರವಾದ, ಹೆಚ್ಚು ಕಂಪನವಿಲ್ಲದ ತಮ್ಮದೇ ದನಿ ಕಂಡುಕೊಂಡರು.

ಅಚ್ಚರಿ ಏನಂದ್ರೆ, ಅರವತ್ತು ವರ್ಷಕ್ಕೂ ಮೀರಿ ಅವರು ನುಡಿಸಿದ್ದು ಬಹುಪಾಲು ಅದೇ ಬೆರಳೆಣಿಕೆಯ ಹಾಡುಗಳನ್ನು. ವಿದ್ಯಾರ್ಥಿಗಳಿಗೆ ಅವರು ಹೇಳಿಕೊಡ್ತಿದ್ದ ದಾರಿ ಹತ್ತು ಹಂತದ್ದು. ಮೊದಲ ಹಂತದಲ್ಲಿ ಹಾಡನ್ನು ಇದ್ದಂತೆಯೇ ನುಡಿಸಬೇಕು. ಆಮೇಲೆ ಒಂದೊಂದೇ ಸ್ವರ ಸೇರಿಸ್ತಾ, ಸರಿಸ್ತಾ ಹೋಗಬೇಕು. ಹತ್ತನೆಯ ಹಂತಕ್ಕೆ ಪೂರ್ತಿ ಹೊಸ ಹಾಡು. ಮಧ್ಯೆ ಹಂತ ಹಾರಿಸಿದರೆ ಉಳಿಯೋದು ಬಾಯಿಪಾಠ ಮಾಡಿದ ತುಣುಕುಗಳು ಮಾತ್ರ. ವೈವಾದಲ್ಲಿ ಉರು ಹೊಡೆದದ್ದನ್ನು ಒಪ್ಪಿಸ್ತೀವಲ್ಲ, ಹಾಗೆ!

2009ರಲ್ಲಿ, 81ನೇ ವಯಸ್ಸಿನಲ್ಲಿ, ತಮಗಿಂತ ಬಹಳ ಕಿರಿಯರಾದ ಮೂವರ ಜೊತೆ ವ್ಯಾನ್‌ಗಾರ್ಡ್‌ನಲ್ಲಿ ಅವರು ಒಂದು ಆಲ್ಬಮ್ ರೆಕಾರ್ಡ್ ಮಾಡಿದರು. ಅದನ್ನು ಅವರ ಐವತ್ತರ ದಶಕದ ರೆಕಾರ್ಡಿಂಗ್ ಪಕ್ಕ ಇಟ್ಟು ಕೇಳಿ. ಉದ್ದದ ಓಟಗಳು ಕಡಿಮೆಯಾಗಿವೆ, ನಡುವಿನ ಮೌನ ಹೆಚ್ಚಿದೆ. ಎಷ್ಟೋ ಸ್ವರಗಳನ್ನು ನುಡಿಸಬಹುದಾದ ಕಡೆ ಒಂದನ್ನೇ ಆರಿಸಿ ಇಡ್ತಾರೆ.

ನನ್ನ ಪ್ರಕಾರ ಮೇಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ರೆಕಾರ್ಡಿಂಗ್‌ನಲ್ಲಿ ಮೌನ ಅಂದ್ರೆ ಖಾಲಿ ಜಾಗ. ಕ್ಲಬ್‌ನಲ್ಲಾದರೆ ವಾದಕ ಬಾಯಿಂದ ವಾದ್ಯ ತೆಗೆದು ಡ್ರಮ್ಸ್ ಕಡೆ ಕಿವಿಗೊಡೋದು, ನುಡಿಸಲು ಹೋಗಿ ಬೇಡ ಅಂತ ಬಿಡೋದು, ಎಲ್ಲವೂ ಕಣ್ಣೆದುರಿಗೇ ನಡೆಯುತ್ತೆ. ವಯಸ್ಸು ವೇಗ ಕಿತ್ತುಕೊಂಡ ಮೇಲೆ ಉಳಿದಿರೋದು ಆಯ್ಕೆ ಮಾಡುವ ಶಕ್ತಿ. ಅದು ಕೆಲಸ ಮಾಡೋದನ್ನು ನೋಡೋಕೆ ಹತ್ತಿರ ಕೂರಬೇಕು.

ನಾವೇನು ಮಾಡಬಹುದು?

ಕೋನಿಟ್ಸ್ 2020ರ ಏಪ್ರಿಲ್‌ನಲ್ಲಿ, 92ನೇ ವಯಸ್ಸಿನಲ್ಲಿ, ಕೋವಿಡ್‌ನಿಂದ ತೀರಿಕೊಂಡರು. ಅದಕ್ಕೂ ಆರು ತಿಂಗಳ ಹಿಂದೆ, 2019ರ ಅಕ್ಟೋಬರ್‌ನಲ್ಲಿ, ಕದ್ರಿಯವರು ಹೋದರು. ಕದ್ರಿಯವರು ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ 'ಕಿನ್ಸ್‌ಮೆನ್' (2008) ಈಗಲೂ ಕೇಳಬಹುದು. ಎದುರು ಕೂತು ಕೇಳುವ ಅವಕಾಶ ಮಾತ್ರ ಮುಗಿಯಿತು. ಇದಕ್ಕೆ ಸಪ್ಲಿಮೆಂಟರಿ ಇಲ್ಲ.

ಹಾಗಾಗಿ ನಿಮ್ಮೂರಲ್ಲಿ ಹಿರಿಯ ವಾದಕರೊಬ್ಬರ ಕಛೇರಿ ಇದ್ರೆ, ಜಾಝ್ ಆಗಲಿ, ನಾಗಸ್ವರ ಆಗಲಿ, ಮುಂದಿನ ಸಾಲಲ್ಲಿ ಹೋಗಿ ಕೂತ್ಕೊಳ್ಳಿ. ತಾಳ ಹಿಡಿದು ಸುತ್ತು ಎಣಿಸಿ. ಎಲ್ಲಿ ಉಸಿರು ತಗೋತಾರೆ, ಎಲ್ಲಿ ಸುಮ್ಮನಾಗ್ತಾರೆ ಅಂತ ಗಮನಿಸಿ. ಇಂಟರ್ನಲ್ಸ್ ಮುಗಿದ ಮೇಲೆ ನೋಡೋಣ ಅಂತ ಮಾತ್ರ ಮುಂದೂಡಬೇಡಿ.