ನಳಿಗೆ ಮೇಲಿನ ಅಂಕಿ ನೋಡಿ ಮರುಳಾಗಬೇಡಿ

ತಪ್ಪು ಕಲ್ಪನೆ: ಅಪರೂಪದ ತೋಟಾದ ಹಳೆಯ ಬೋಲ್ಟ್ ರೈಫಲ್ ಸಿಕ್ಕರೆ ಅದು ನಿಧಿಯೇ.

ಸತ್ಯ: ಅಮೆರಿಕದ ವಿಂಚೆಸ್ಟರ್ ಮಾಡೆಲ್ 70 ಬೇಟೆ ರೈಫಲನ್ನೇ ತೆಗೆದುಕೊಳ್ಳಿ. 1936ರಿಂದ 1963ರವರೆಗೆ ಸುಮಾರು 5.8 ಲಕ್ಷ ತಯಾರಾದವು. ಹೆಚ್ಚಿನವು .30-06 ಮತ್ತು .270 ತೋಟಾದವು. .300 ಸ್ಯಾವೇಜ್, .35 ರೆಮಿಂಗ್ಟನ್, 7 ಮಿ.ಮೀ. ಮೌಸರ್ ತೀರಾ ಕಡಿಮೆ. ಸಂಗ್ರಹಕಾರರು ಇವಕ್ಕೆ ಮುಗಿಬೀಳುವುದು ನಿಜ. ಮೋಸ ಹುಟ್ಟಿಕೊಳ್ಳುವುದೂ ಅಲ್ಲೇ. .300 ಸ್ಯಾವೇಜ್, 7 ಮಿ.ಮೀ. ಮೌಸರ್ ತೋಟಾಗಳ ಹಿಂಬದಿ ಅಳತೆ .30-06ರದ್ದೇ. ಬೋಲ್ಟ್ ಮುಟ್ಟದೆ ನಳಿಗೆ ಬದಲಿಸಿದರೆ ಸಾಕು, ಸಾಮಾನ್ಯ ರೈಫಲ್ ಅಪರೂಪದ ವೇಷ ತೊಡುತ್ತದೆ.

ಬಲ್ಲವರು ಅದಕ್ಕೇ ರೈಫಲಿನ ಮರದ ಹಿಡಿ ಬಿಚ್ಚಿಸುತ್ತಾರೆ. ನಳಿಗೆಯ ಅಡಿಯಲ್ಲಿ ಒತ್ತಿದ ಇಸವಿ ರೈಫಲಿನ ಸಂಖ್ಯೆಯ ಕಾಲಕ್ಕೆ ತಾಳೆಯಾಗಬೇಕು. ಬೋಲ್ಟಿನ ಕೆಳಬದಿ ಸೂಜಿಯಲ್ಲಿ ಗೀಚಿದಂತಿರುವ ಅಂಕಿಯೂ ರೈಫಲಿನ ಸಂಖ್ಯೆಯೇ ಆಗಿರಬೇಕು. ಗಿಡ್ಡ ತೋಟಾಗಳು ಜಾರಾಡದಿರಲೆಂದು ಕಂಪನಿ ಮ್ಯಾಗಜಿನ್ನಿನಲ್ಲಿ ಕೂರಿಸುತ್ತಿದ್ದ ಅಡ್ಡತಗಡು ಇದೆಯೇ ಎಂದೂ ನೋಡುತ್ತಾರೆ. ಇಷ್ಟು ನೋಡದೆ ಹಣ ಎಣಿಸುವುದು ತಪ್ಪು.

ತಪ್ಪು ಕಲ್ಪನೆ: .275 ರಿಗ್ಬಿ ಎಲ್ಲೂ ಸಿಗದ ವಿಶೇಷ ತೋಟಾ.

ಸತ್ಯ: ಅದು ಜರ್ಮನಿಯ 7 ಮಿ.ಮೀ. ಮೌಸರ್ ತೋಟಾ, ಲಂಡನ್ನಿನ ರಿಗ್ಬಿ ಕಂಪನಿ ಇಟ್ಟ ಇಂಗ್ಲಿಷ್ ಹೆಸರಷ್ಟೇ ಬೇರೆ. 7 ಮಿ.ಮೀ. ಎಂದರೆ ಹೆಚ್ಚುಕಡಿಮೆ .275 ಅಂಗುಲ. ತೇಜಸ್ವಿಯವರ ಅನುವಾದದಿಂದ ಕನ್ನಡಿಗರಿಗೆ ಹತ್ತಿರವಾದ ಜಿಮ್ ಕಾರ್ಬೆಟ್‌ಗೆ, ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಸಿಕ್ಕ ಉಡುಗೊರೆ ಇದೇ ತೋಟಾದ ರೈಫಲ್. 2015ರಲ್ಲಿ ರಿಗ್ಬಿ ಕಂಪನಿಯೇ ಅದನ್ನು ಮರಳಿ ಕೊಂಡಿತು. ಅಲ್ಲಿ ಬೆಲೆ ಬಂದದ್ದು ತೋಟಾದಿಂದಲ್ಲ, ಅದನ್ನು ಹಿಡಿದ ಕೈಯಿಂದ. ಆ ಕೈ ಯಾರದೆಂಬ ದಾಖಲೆಯಿಂದ.

ತಪ್ಪು ಕಲ್ಪನೆ: ಹೊಸದಾಗಿ ಪಾಲಿಶ್ ಮಾಡಿಸಿದರೆ ಹೆಚ್ಚು ಹಣ ಬರುತ್ತದೆ.

ಸತ್ಯ: ಬರುವ ಹಣವೂ ಹೋಗುತ್ತದೆ. ಉಕ್ಕಿನ ಹಳೆಯ ನೀಲಿಗಪ್ಪು ಬಣ್ಣ ಉಜ್ಜಿ ತೆಗೆದರೆ ಒತ್ತಿದ ಅಕ್ಷರಗಳ ಅಂಚು ಸವೆಯುತ್ತದೆ, ಮತ್ತೆ ಬರುವುದಿಲ್ಲ. ದುರ್ಬೀನು ಕೂರಿಸಲು ಕೊರೆದ ಹೆಚ್ಚುವರಿ ತೂತುಗಳ ಕಥೆಯೂ ಇದೇ.

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ರೈಫಲ್ ಇದ್ದರೆ ದಯವಿಟ್ಟು ಉಜ್ಜಬೇಡಿ, ಕೊರೆಯಬೇಡಿ. ಲೈಸೆನ್ಸನ್ನು ನಿಮ್ಮ ಹೆಸರಿಗೆ ಸರಿಪಡಿಸಿಕೊಳ್ಳಿ. ಹಳೆಯ ರಸೀದಿ, ಫೋಟೊ, ಪತ್ರಗಳನ್ನು ಒಂದೇ ಲಕೋಟೆಯಲ್ಲಿ ಜೋಪಾನವಾಗಿಡಿ.