ಸಾಸಿವೆಯಷ್ಟು ಹೂವು, ಬೆಟ್ಟದಷ್ಟು ಬೆರಗು

ಎರಡು ಮಿಲಿಮೀಟರ್, ಅದರ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಇಷ್ಟೇ ಅಗಲ! ಅಷ್ಟರೊಳಗೆ ಒಂದು ಹೂವು ಅರಳಿ ನಿಂತಿದೆ. ಅಂಗೈ ಮೇಲೊಂದು ಸಾಸಿವೆ ಕಾಳು ಇಟ್ಟುಕೊಂಡು ನೋಡಿ, ಸರಿಸುಮಾರು ಅದೇ ಅಳತೆ. ಆದರೆ ಚಿಕ್ಕದೆಂದು ಯಾವ ಅಂಗಕ್ಕೂ ಕುಂದು ಬಂದಿಲ್ಲ. ಆರ್ಕಿಡ್ ಹೂವಿಗೆ ಇರಬೇಕಾದ್ದೆಲ್ಲ ಇದೆ: ಮೂರು ಪುಷ್ಪಪತ್ರ, ಎರಡು ಎಸಳು, ಮೂರನೆಯ ಎಸಳೇ ಮಾರ್ಪಟ್ಟು ಆದ ತುಟಿ, ನಟ್ಟನಡುವೆ ಗಂಡು-ಹೆಣ್ಣು ಅಂಗಗಳೆರಡೂ ಬೆಸೆದುಕೊಂಡ ಕಂಬ, ಕಂಬದ ತುದಿಯಲ್ಲಿ ಪುಟ್ಟ ಟೋಪಿ, ಟೋಪಿಯಡಿ ಪರಾಗದ ಉಂಡೆಗಳು. ಎಸಳಿನ ದಪ್ಪ ಎಷ್ಟು ಗೊತ್ತೇ? ಒಂದೇ ಒಂದು ಜೀವಕೋಶ! ಬೆಳಕು ಈ ಕಡೆಯಿಂದ ಹೊಕ್ಕು ಆ ಕಡೆ ಹೊರಬರುತ್ತದೆ.

2009ರ ಕೊನೆಯಲ್ಲಿ ಈ ಹೂವಿನ ಸುದ್ದಿ ಹೊರಬಿದ್ದಾಗ ಪತ್ರಿಕೆಗಳೆಲ್ಲ ಅದನ್ನು ಜಗತ್ತಿನ ಅತಿ ಸಣ್ಣ ಆರ್ಕಿಡ್ ಎಂದು ಕೊಂಡಾಡಿದವು. ಅದು ಸಿಕ್ಕಿದ ಬಗೆಯಂತೂ ಇನ್ನೂ ಸೊಗಸು. ಈಕ್ವೆಡಾರಿನ ಪೂರ್ವ ಆಂಡಿಸ್‌ನಲ್ಲಿ ಸೆರ್ರೊ ಕಾಂಡೆಲಾರಿಯಾ ಎಂಬ ಬೆಟ್ಟವಿದೆ. ಅಲ್ಲಿಂದ ಸಸ್ಯವಿಜ್ಞಾನಿ ಲೂ ಜೋಸ್ಟ್ ಬೇರೊಂದು ಚಿಕ್ಕ ಆರ್ಕಿಡ್ ತಂದು ತಮ್ಮ ಗಾಜಿನ ಮನೆಯಲ್ಲಿ ನೆಟ್ಟಿದ್ದರು. ಹೂ ಬಿಡದ ಆರ್ಕಿಡನ್ನು ಗುರುತಿಸುವುದು ಕಷ್ಟ; ಬಿಡುವ ತನಕ ಕಾಯಲೇಬೇಕು. ಕಾದರು. ಕೆಲವು ತಿಂಗಳ ಮೇಲೆ ನೋಡಿದರೆ, ತಂದ ಗಿಡದ ಬೇರುಗಳ ಸಂದಿಯಲ್ಲಿ ಇನ್ನೊಂದು ಗಿಡ! ಯಾರೂ ಕರೆಯದೆ, ಯಾರಿಗೂ ಕಾಣದೆ ಬೆಟ್ಟ ಇಳಿದು ಬಂದಿದ್ದ ಅತಿಥಿ. ಅದರ ತುದಿಯಲ್ಲಿತ್ತು ಆ ಪಾರದರ್ಶಕ ಹೂವು. ಪ್ಲಾಟಿಸ್ಟೀಲಿ ಎಂಬ ಕುಲದ್ದು. ಅಲ್ಲಿಯವರೆಗೆ ಅತಿ ಸಣ್ಣದೆಂಬ ಹೆಸರು ಹೊತ್ತಿದ್ದ ಪ್ಲಾಟಿಸ್ಟೀಲಿ ಜುಂಗರ್‌ಮ್ಯಾನಿಯಾಯ್ಡಿಸ್‌ಗೂ ಇದು ಒಂದು ಕೂದಲೆಳೆ ಕಡಿಮೆ. ಆ ಪಟ್ಟವಾದರೂ ಉಳಿಯಿತೇ? ಆರೇ ವರ್ಷ! 2015ರಲ್ಲಿ ಬ್ರೆಜಿಲ್‌ನಿಂದ ಕ್ಯಾಂಪೈಲೊಸೆಂಟ್ರಮ್ ಇನ್ಸುಲಾರೆ ಎಂಬ ಎಲೆಯೇ ಇಲ್ಲದ ಆರ್ಕಿಡ್ ಬಂತು. ಅದರ ಹೂವು ಸುಮಾರು ಅರ್ಧ ಮಿಲಿಮೀಟರ್.

ದಾಖಲೆ ಮುರಿಯುತ್ತಲೇ ಇರಲಿ ಬಿಡಿ. ನಿಜವಾದ ಬೆರಗು ಆ ಬೆಟ್ಟಗಳಲ್ಲಿದೆ, ಅಲ್ಲಿಗೇ ಹೋಗೋಣ.

ಬಾನ್ಯೋಸ್ ಎಂಬುದು 5,023 ಮೀಟರ್ ಎತ್ತರದ ತುಂಗುರಾವಾ ಜ್ವಾಲಾಮುಖಿಯ ಬುಡದಲ್ಲಿರುವ ಪುಟ್ಟ ಪಟ್ಟಣ. 1999ರಲ್ಲಿ ಜ್ವಾಲಾಮುಖಿ ಗುಡುಗಿದಾಗ ಊರಿಗೆ ಊರನ್ನೇ ಖಾಲಿ ಮಾಡಿಸಿದ್ದರು. ಊರ ಪಕ್ಕದಲ್ಲೇ ಪಸ್ತಾಸಾ ನದಿ ಪೂರ್ವದ ಪರ್ವತಸಾಲನ್ನು ಸೀಳಿಕೊಂಡು ಅಮೆಜಾನಿನ ಕಡೆಗೆ ಧುಮ್ಮಿಕ್ಕುತ್ತದೆ. ನದಿ ಕೆಳಗೆ ಇಳಿದ ದಾರಿಯಲ್ಲೇ ಗಾಳಿ ಮೇಲೆ ಏರುತ್ತದೆ! ಅಮೆಜಾನ್ ಬಯಲಿನ ತೇವವನ್ನೆಲ್ಲ ಹೊತ್ತು ತಂದು ಈ ಕಮರಿಗೆ ನುಗ್ಗಿ, ಎದುರಾದ ಏಣುಗಳಿಗೆಲ್ಲ ಮೋಡ ಮೆತ್ತುತ್ತದೆ. ಒಂದು ಏಣು ಸದಾ ತೊಯ್ದು ತೊಟ್ಟಿಕ್ಕುತ್ತಿದ್ದರೆ ಅದರ ಬೆನ್ನಿಗಿರುವ ಇಳಿಜಾರು ಒಣಗಿರುತ್ತದೆ. ಕೆಲವೇ ಕಿಲೋಮೀಟರ್ ನಡೆದರೆ ಹವೆ ಬೇರೆ, ಹಾವಸೆ ಬೇರೆ, ಆರ್ಕಿಡ್ ಬೇರೆ.

ಹೊಸಬರು ಕಾಲಿಟ್ಟ ಜಾಗವೇನೂ ಅಲ್ಲ ಇದು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ರಿಚರ್ಡ್ ಸ್ಪ್ರೂಸ್ 1857ರಲ್ಲೇ ಬಾನ್ಯೋಸ್ ತಲುಪಿದ್ದ. ಹಾವಸೆಗಳೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ. ಒದ್ದೆ ಕಾಂಡಗಳ ಮುಂದೆ ಮಂಡಿಯೂರಿ ಕುಳಿತು ಜೀವಮಾನ ಕಳೆದವನು. ಅವನ ಹೆಸರು ನಮ್ಮ ದಕ್ಷಿಣ ಭಾರತಕ್ಕೂ ಅಂಟಿಕೊಂಡಿದೆ. 1860ರಲ್ಲಿ ಅವನು ಈಕ್ವೆಡಾರಿನ ಕಾಡಿನಲ್ಲಿ ಕೂಡಿಸಿದ ಕೆಂಪು ತೊಗಟೆಯ ಸಿಂಕೋನಾ ಬೀಜ ಸಾಗರ ದಾಟಿ ನೀಲಗಿರಿಗೆ ಬಂದು ಚಿಗುರಿತು, ಮಲೇರಿಯಾಕ್ಕೆ ಕ್ವಿನೈನ್ ಕೊಟ್ಟಿತು. ಅಂಥ ಕಣ್ಣುಗಳು ಓಡಾಡಿದ ನಾಡಿನಲ್ಲಿ, ಒಂದೂವರೆ ಶತಮಾನದ ನಂತರ, ಹೊಸತೇನು ಉಳಿದೀತು?

ಉಳಿದಿತ್ತು. ಎಷ್ಟು ಉಳಿದಿತ್ತು ಅಂತೀರಿ!

ಟೀಗಿಯಾ ಎಂಬ ಆರ್ಕಿಡ್ ಕುಲ. ವಾಲ್ಟರ್ ಟೀಗ್ ಎಂಬ ಆರ್ಕಿಡ್ ಬೆಳೆಗಾರರ ಹೆಸರನ್ನು ಅದಕ್ಕಿಟ್ಟಿದ್ದಾರೆ. ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ ಕೊಲಂಬಿಯಾ, ಈಕ್ವೆಡಾರ್ ಎರಡೂ ಸೇರಿ ಅದರಲ್ಲಿ ಗೊತ್ತಿದ್ದದ್ದು ಆರೇ ಆರು ಜಾತಿ. 2000ದಲ್ಲಿ ಜೋಸ್ಟ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಸ್ತಾಸಾ ಕಣಿವೆಯ ಮಯೋರ್‌ದೋಮೊ ಬೆಟ್ಟ ಹತ್ತಿದರು. ಮೋಡ ಕವಿದ ಎತ್ತರದಲ್ಲಿ, ಹಾವಸೆಯ ಮೇಲೆ, ಬಳ್ಳಿಯ ಹಾಗೆ ಉದ್ದಕ್ಕೆ ತೆವಳುವ ಒಂದು ಟೀಗಿಯಾ ಕಣ್ಣಿಗೆ ಬಿತ್ತು. ಪುಸ್ತಕದಲ್ಲಿದ್ದ ಯಾವ ಟೀಗಿಯಾಕ್ಕೂ ಅದು ಹೋಲಲಿಲ್ಲ. ಪಕ್ಕದಲ್ಲೇ ಇನ್ನೊಂದು. ಅದು ಮೊದಲಿನದಕ್ಕೂ ಹೋಲಲಿಲ್ಲ! ಮತ್ತೊಂದು. ಮಗದೊಂದು. ಒಂದೇ ಬೆಟ್ಟದಲ್ಲಿ ನಾಲ್ಕು ಹೊಸ ಜಾತಿ!

ಅಲ್ಲಿಗೆ ನಿಲ್ಲಲಿಲ್ಲ. ನದಿಯಾಚೆಯ ಕಾಂಡೆಲಾರಿಯಾ ಹತ್ತಿದರು, ಅಕ್ಕಪಕ್ಕದ ಶಿಖರಗಳನ್ನೂ ಹತ್ತಿದರು. ಹತ್ತಿದಲ್ಲೆಲ್ಲ ಟೀಗಿಯಾ. ಕೆಲವೇ ವರ್ಷಗಳಲ್ಲಿ ಎರಡು ಡಜನ್ ಮೀರಿತು ಲೆಕ್ಕ. ಅವೆಲ್ಲ ಈ ಒಂದು ಕಣಿವೆಯ ಆಸುಪಾಸಿನವೇ, ಜಗತ್ತಿನಲ್ಲಿ ಬೇರೆಲ್ಲಿಯೂ ಕಂಡಿಲ್ಲ. ಆರು ಜಾತಿಯ ಬಡ ಕುಲವೆಂದು ಭಾವಿಸಿದ್ದು ಕೆಲವೇ ಬೆಟ್ಟಗಳ ನೆತ್ತಿಯ ಮೇಲೆ ಯಾರಿಗೂ ಹೇಳದೆ ಕವಲೊಡೆದು ಕವಲೊಡೆದು ತುಂಬಿಕೊಂಡಿತ್ತು! ಡಾರ್ವಿನ್‌ನ ಗುಬ್ಬಿಗಳೆಂದು ನಾವು ಶಾಲೆಯಲ್ಲಿ ಓದಿದ ಫಿಂಚ್ ಹಕ್ಕಿಗಳು ಇದೇ ಈಕ್ವೆಡಾರಿನ ಗಲಾಪಗೋಸ್ ದ್ವೀಪಗಳವು. ಒಂದು ಮೂಲದಿಂದ ಹೊರಟು, ಹದಿಮೂರೋ ಹದಿನಾಲ್ಕೋ ಬಗೆಯ ಕೊಕ್ಕು ತಳೆದು ವಿಕಾಸದ ಪಾಠವಾದವು. ಇಲ್ಲಿ ಅವುಗಳ ಇಮ್ಮಡಿ ಜಾತಿಗಳು ಹಾವಸೆಯಲ್ಲಿ ಅವಿತು ಕುಳಿತಿದ್ದವು, ಅದೂ 21ನೇ ಶತಮಾನದ ಹೊಸ್ತಿಲವರೆಗೆ.

ಈ ಜೋಸ್ಟ್ ಯಾರು? ಕಲಿತದ್ದು ಸಸ್ಯಶಾಸ್ತ್ರವಲ್ಲ, ಭೌತಶಾಸ್ತ್ರ. ಅಮೆರಿಕದಲ್ಲಿ ಕ್ವಾಂಟಮ್ ಸಿದ್ಧಾಂತದಲ್ಲಿ ಸಂಶೋಧನೆ ಮಾಡಿದವರು. 1990ರ ದಶಕದಲ್ಲಿ ಬಾನ್ಯೋಸಿಗೆ ಬಂದು ನೆಲೆಸಿದರು. ಆದರೆ ಗಣಿತ ಬಿಡಲಿಲ್ಲ. ಒಂದು ಕಾಡಿನ ಜೀವವೈವಿಧ್ಯವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅವರು 2006ರಲ್ಲಿ ಬರೆದ ಪ್ರಬಂಧವನ್ನು ಜಗತ್ತಿನ ಪರಿಸರ ವಿಜ್ಞಾನಿಗಳು ಇಂದಿಗೂ ಕೈಗೆತ್ತಿಕೊಳ್ಳುತ್ತಾರೆ. ಹಗಲು ಬೆಟ್ಟದಲ್ಲಿ ಜಾತಿ ಹುಡುಕುವುದು, ರಾತ್ರಿ ಜಾತಿ ಎಣಿಸುವ ಸೂತ್ರವನ್ನೇ ತಿದ್ದುವುದು!

ಸಿಕ್ಕಿದರೆ ಸಾಲದು, ವಿಜ್ಞಾನದ ಲೆಕ್ಕಕ್ಕೆ ಬರಬೇಕಲ್ಲ. ಆ ಕೆಲಸದಲ್ಲಿ ಜತೆಯಾದವರು ಕಾರ್ಲೈಲ್ ಲೂಯರ್. ಇವರದ್ದು ಇನ್ನೊಂದು ಅಚ್ಚರಿ. ಫ್ಲಾರಿಡಾದಲ್ಲಿ ಶಸ್ತ್ರಚಿಕಿತ್ಸಕರಾಗಿದ್ದವರು ಕತ್ತರಿ ಕೆಳಗಿಟ್ಟು ಸೂಕ್ಷ್ಮದರ್ಶಕ ಹಿಡಿದರು. ಪ್ಲಾಟಿಸ್ಟೀಲಿ, ಟೀಗಿಯಾ ಮುಂತಾದವೆಲ್ಲ ಸೇರುವ ಪ್ಲೂರೊಥ್ಯಾಲಿಡ್ ಎಂಬ ಗುಂಪಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಸಾವಿರಾರಕ್ಕೆ ಹೆಸರಿಟ್ಟವರು ಇವರೊಬ್ಬರೇ. ಅಕ್ಕಿಕಾಳಿಗಿಂತ ಸಣ್ಣ ಹೂವನ್ನು ಬಿಡಿಸಿ, ಅಂಗ ಅಂಗವಾಗಿ ಹರಡಿ, ಶಾಯಿಯಲ್ಲಿ ರೇಖೆ ರೇಖೆಯಾಗಿ ಬರೆಯುತ್ತಿದ್ದರು. 2019ರಲ್ಲಿ, 97ನೇ ವಯಸ್ಸಿನಲ್ಲಿ, ತೀರಿಕೊಂಡರು. ಹೊಸ ಜಾತಿ ಎನ್ನಬೇಕಾದರೆ ಒಂದು ಮಾದರಿ ಸಸ್ಯವನ್ನು ಸಸ್ಯಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇಡಬೇಕು, ಹತ್ತಿರದ ನಂಟರಿಗಿಂತ ಅದು ಹೇಗೆ ಬೇರೆ ಎಂದು ಬರೆದು ಪ್ರಕಟಿಸಬೇಕು. 2011ರ ಕೊನೆಯವರೆಗೆ ಆ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು! ಒತ್ತಿ ಒಣಗಿಸಿದರೆ ಇಂಥ ಹೂವು ಹಾಳೆಯ ಮೇಲಿನ ಕಲೆಯಾಗಿಬಿಡುತ್ತದೆ. ಹಾಗಾಗಿ ಹೂವನ್ನು ಬೇರೆಯಾಗಿ ಸ್ಪಿರಿಟ್ಟಿನಲ್ಲಿ ಮುಳುಗಿಸಿಡುತ್ತಾರೆ.

ಈಗ ತಲೆ ತಿರುಗಿಸುವ ಪ್ರಶ್ನೆಗೆ ಬನ್ನಿ. ಇಷ್ಟೊಂದು ಜಾತಿ, ಇಷ್ಟು ಕಡಿಮೆ ಜಾಗದಲ್ಲಿ, ಹೇಗೆ?

ಆರ್ಕಿಡ್ ಬೀಜ ಧೂಳಿನಷ್ಟು ಹಗುರ. ಒಂದು ಕಾಯಿ ಒಡೆದರೆ ಸಾವಿರಗಟ್ಟಲೆ, ಕೆಲವದರಲ್ಲಿ ಲಕ್ಷಗಟ್ಟಲೆ ಬೀಜ ಗಾಳಿಗೆ. ಹಗುರಾಗಲು ಅವು ಬುತ್ತಿಯನ್ನೇ ಬಿಟ್ಟು ಹೊರಟಿವೆ. ಮೊಳೆಯಲು ಬೇಕಾದ ಆಹಾರ ಬೀಜದೊಳಗೆ ಇಲ್ಲ. ಬಿದ್ದ ಕೊಂಬೆಯಲ್ಲಿ ತಕ್ಕ ಶಿಲೀಂಧ್ರ ಇದ್ದು, ಅದು ಬೀಜದೊಳಗೆ ಎಳೆ ಚಾಚಿ ಉಣಿಸಿದರೆ ಮೊಳಕೆ, ಇಲ್ಲವಾದರೆ ಇಲ್ಲ. ಮೊಳೆತ ಮೇಲೂ ಬದುಕು ನೂಲಿನ ಮೇಲಿನ ನಡಿಗೆ. ಮರದ ಮೇಲಿದ್ದರೂ ಇವು ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಬೇರಿನ ಸುತ್ತ ಸತ್ತ ಜೀವಕೋಶಗಳ ಬಿಳಿ ಹೊದಿಕೆಯಿದೆ. ಮಂಜು ತಾಗಿದೊಡನೆ ಅದು ನೀರು ಹಿಡಿದುಕೊಳ್ಳುತ್ತದೆ. ಹಾಗಾಗಿ ಮಂಜು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೋ ಅದೇ ಇವುಗಳ ಗಡಿ. ಬೀಜ ಎಲ್ಲಿಗಾದರೂ ಹಾರಬಹುದು. ಊರುವುದು ಮಾತ್ರ ತನ್ನ ಮೋಡದ ಪಟ್ಟಿಯಲ್ಲಿ.

ಪಕ್ಕಪಕ್ಕದಲ್ಲೇ ಬೆಳೆದೂ ಇವು ಬೆರೆತು ಹೋಗದಿರುವುದು ಹೇಗೆ? ಇದಕ್ಕೊಂದು ಸುಳಿವು ಕೋಸ್ಟರಿಕಾದಿಂದ ಸಿಕ್ಕಿತು. ಲೆಪಾಂಥಿಸ್ ಎಂಬುದು ಇದೇ ಗುಂಪಿನ ಇನ್ನೊಂದು ಕುಲ; ಸಾವಿರಕ್ಕೂ ಮಿಕ್ಕಿ ಜಾತಿ. ಇದರ ಹೂವಿನ ನಡುವೆ ಕೂದಲಿನಂಥ ಒಂದು ಚಿಕ್ಕ ಚಾಚು ಇರುತ್ತದೆ. ಅದು ಏತಕ್ಕೆಂದು 2005ರಲ್ಲಿ ಮಾರಿಯೊ ಬ್ಲಾಂಕೊ, ಗಾಬ್ರಿಯೆಲ್ ಬಾರ್ಬೋಸಾ ಎಂಬಿಬ್ಬರು ಬಯಲು ಮಾಡಿದರು. ಅಣಬೆ ತಿಂದು ಬೆಳೆಯುವ ಒಂದು ಬಗೆಯ ನುಸಿ ಇದೆ. ಅದರ ಗಂಡು ಹೂವಿನ ವಾಸನೆ ಹಿಡಿದು ಬರುತ್ತದೆ, ಹೂವನ್ನೇ ಹೆಣ್ಣು ನುಸಿಯೆಂದು ನಂಬುತ್ತದೆ, ಆ ಚಾಚನ್ನು ತನ್ನ ಹಿಂಬದಿಯ ಚಿಮಟದಿಂದ ಕಚ್ಚಿ ಹಿಡಿಯುತ್ತದೆ. ಮಿಲನವೆಂದುಕೊಂಡದ್ದು ಮೋಸ! ಬಿಡಿಸಿಕೊಂಡು ಹಾರುವಾಗ ಹೊಟ್ಟೆಗೆ ಪರಾಗದ ಉಂಡೆ ಅಂಟಿರುತ್ತದೆ. ಮುಂದಿನ ಹೂವಿನಲ್ಲೂ ಹೀಗೇ ಮೋಸ ಹೋಗಿ ಅದನ್ನು ಅಲ್ಲಿ ಇಳಿಸುತ್ತದೆ. ಒಂದೊಂದು ಹೂವು ಒಂದೊಂದು ನುಸಿಯ ಹೆಣ್ಣಿನ ವೇಷ ಹಾಕಿದರೆ, ಒಂದೇ ಕೊಂಬೆಯ ಮೇಲಿನ ಎರಡು ಜಾತಿಗಳ ನಡುವೆ ಯಾವ ಬೇಲಿಯೂ ಬೇಕಾಗುವುದಿಲ್ಲ. ವಾಸನೆ ಚೂರು ಬದಲಾದರೂ ಬರುವ ಗಂಡು ಬೇರೆ, ಹೋಗುವ ಪರಾಗ ಬೇರೆ, ಕಾಲ ಕಳೆದಂತೆ ಜಾತಿಯೇ ಬೇರೆ!

ಆದರೆ ಈ ಬೆರಗಿನ ಬೆನ್ನಿಗೇ ಎದೆ ಧಸಕ್ಕೆನ್ನುವ ಮಾತೂ ಇದೆ. ಒಂದು ಜಾತಿಯ ಇಡೀ ಜಗತ್ತು ಒಂದು ಏಣು ಎಂದಮೇಲೆ ಆ ಏಣನ್ನು ಹುಲ್ಲುಗಾವಲು ಮಾಡಿದರೆ ಜಾತಿಯೇ ಇಲ್ಲ. ಹುಲಿಗೆ ಇನ್ನೊಂದು ಕಾಡಿದೆ, ಇವಕ್ಕೆ ಇಲ್ಲ. ಬಿಸಿಲು ಹೆಚ್ಚಿ ಮೋಡದ ಪಟ್ಟಿ ಮೇಲೆ ಸರಿದರೆ ಇವೂ ಮೇಲೆ ಸರಿಯಬೇಕು. ಶಿಖರ ತಲುಪಿದ ಮೇಲೆ ಎಲ್ಲಿಗೆ? ಜೋಸ್ಟ್ ಮತ್ತು ಗೆಳೆಯರು ಅದಕ್ಕೇ ಎಕೋಮಿಂಗಾ ಎಂಬ ಸಂಸ್ಥೆ ಕಟ್ಟಿ, ಬ್ರಿಟನ್ನಿನ ವರ್ಲ್ಡ್ ಲ್ಯಾಂಡ್ ಟ್ರಸ್ಟ್‌ನಂಥವರ ನೆರವು ಪಡೆದು, ಬೆಟ್ಟಗಳನ್ನೇ ಕೊಂಡು ಕಾಯುತ್ತಿದ್ದಾರೆ. ಉತ್ತರಕ್ಕೆ ಯಂಗಾನಾತೆಸ್, ದಕ್ಷಿಣಕ್ಕೆ ಸಂಗಾಯ್ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳ ನಡುವಿನ ತೆರಪು ಈ ಕಣಿವೆ. ಕಾಂಡೆಲಾರಿಯಾದಂಥ ಕಾಪುಕಾಡುಗಳು ಆ ತೆರಪನ್ನು ಒಂದೊಂದೇ ತುಂಡಾಗಿ ಹೊಲಿಯುತ್ತಿವೆ. ಕೊಂಡ ಬೆಟ್ಟದಲ್ಲಿ ಏನೇನಿದೆಯೆಂದು ಕೊಳ್ಳುವಾಗ ಯಾರಿಗೂ ಗೊತ್ತಿರಲಿಲ್ಲ. ಬೇರಿನ ಸಂದಿಯಲ್ಲಿ ಬಂದ ಆ ಎರಡು ಮಿಲಿಮೀಟರ್ ಹೂವು ಹೇಳಿದ್ದೂ ಅದನ್ನೇ: ಗೊತ್ತಿಲ್ಲದ್ದು ದೂರದಲ್ಲಿರುವುದರಿಂದ ಗೊತ್ತಿಲ್ಲದ್ದಾಗಿಲ್ಲ, ನಾವು ಬಗ್ಗಿ ನೋಡದಿರುವುದರಿಂದ ಆಗಿದೆ.

ನಮ್ಮ ಘಟ್ಟಕ್ಕೂ ಈ ಮಾತು ಸಲ್ಲುತ್ತದೆ. ಭಾರತೀಯ ಸಸ್ಯವೈಜ್ಞಾನಿಕ ಸರ್ವೇಕ್ಷಣೆ 2019ರಲ್ಲಿ ಪಟ್ಟಿ ಮಾಡಿದ ದೇಶದ ಆರ್ಕಿಡ್‌ಗಳು 1,256; ಅರ್ಧಕ್ಕಿಂತ ಹೆಚ್ಚು ಮರದ ಮೇಲಿನವು, 388 ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲದವು. ಮಳೆಗೆ ಮುಂಚೆ ತೂಗಾಡುವ ಸೀತಾಳೆ ದಂಡೆಯನ್ನು ಮಲೆನಾಡಿನವರು ಕೊರಳೆತ್ತಿ ನೋಡುತ್ತಾರೆ, ಹೆಣ್ಣುಮಕ್ಕಳು ಮುಡಿಯುತ್ತಾರೆ. ಅದೇ ಘಟ್ಟದ ಮರಗಳಲ್ಲಿ ಒಬೆರೋನಿಯಾ ಇದೆ: ಜೋತುಬಿದ್ದ ಒಂದು ಕಡ್ಡಿಯ ಸುತ್ತ ನೂರಾರು ಹೂವು, ಒಂದೊಂದೂ ಒಂದೆರಡು ಮಿಲಿಮೀಟರ್! ಟೀನಿಯೊಫಿಲಮ್ ಇದೆ: ಎಲೆಯನ್ನೇ ತೊರೆದು, ತೊಗಟೆಗೆ ಅಂಟಿದ ಹಸಿರು ಬೇರುಗಳಲ್ಲೇ ಅಡುಗೆ ಮಾಡಿಕೊಳ್ಳುವ ಗಿಡ! ಇವಕ್ಕೆ ಕೊರಳೆತ್ತಿದರೆ ಸಾಲದು, ಕೊಂಬೆಯೇ ಕೈಗೆ ಬರಬೇಕು. ಆ ಅವಕಾಶ ಕಾಫಿ ಸೀಮೆಯಲ್ಲಿ ವರ್ಷವರ್ಷವೂ ತಾನಾಗಿ ಬರುತ್ತದೆ. ನೆರಳಿನ ಮರಗಳನ್ನು ಸವರಿ ಮರಗಸಿ ಮಾಡುವಾಗ ಹಾವಸೆ ಮೆತ್ತಿದ ಕೊಂಬೆಗಳು ಎತ್ತರದಿಂದ ಇಳಿದು ಕಾಲ ಬುಡದಲ್ಲೇ ಬೀಳುತ್ತವೆ. ಸೌದೆಗೆ ಸಾಗಿಸುವ ಮೊದಲು ಅವುಗಳ ಮೇಲೆ ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರ ಆಡಿಸಿ ನೋಡಿ. ಆರ್ಕಿಡ್ ಸಿಕ್ಕಿದರೆ ನಿಂತ ಮರಕ್ಕೆ ಕಟ್ಟಿ, ಹೂ ಬಿಟ್ಟಾಗ ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೋ ತೆಗೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರಿಗೆ ಕಳಿಸಿ. ಅವರು ಪುಸ್ತಕ ತಿರುವಿ ಹಾಕಿ, ಇದು ಯಾವುದಕ್ಕೂ ಹೊಂದುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಂಡರೆ, ಮಯೋರ್‌ದೋಮೊ ಬೆಟ್ಟದಲ್ಲಿ ವಿದ್ಯಾರ್ಥಿಗಳ ಎದೆ ಹೇಗೆ ಹೊಡೆದುಕೊಂಡಿತ್ತೆಂದು ನಿಮಗೇ ತಿಳಿಯುತ್ತದೆ.