ತಲೆಹೊಟ್ಟು: ಕೊಳಕಿನ ಗುರುತಲ್ಲ, ಎಣ್ಣೆಯ ಕೊರತೆಯೂ ಅಲ್ಲ

"ಡಾಕ್ಟ್ರೇ, ವಾರಕ್ಕೆ ಮೂರು ಸಲ ಎಣ್ಣೆ ಹಚ್ಚುತ್ತೇನೆ. ಆದರೂ ಇವಳ ಸ್ಕಾರ್ಫ್ ಕೊಡವಿದರೆ ಬಿಳಿ ಪುಡಿ ಉದುರುತ್ತದೆ." ಹರೆಯದ ಮಗಳನ್ನು ಕರೆತರುವ ತಾಯಂದಿರಿಂದ ಈ ಮಾತು ಆಗಾಗ ಕೇಳುತ್ತೇನೆ. ಮಗಳು ತಲೆ ತಗ್ಗಿಸಿ ಕುಳಿತಿರುತ್ತಾಳೆ. 'ಸರಿಯಾಗಿ ತಲೆ ತೊಳೆಯುವುದಿಲ್ಲ' ಎಂಬ ಬೈಗುಳ ಆಕೆಗೆ ಮನೆಯಲ್ಲಿ ಆಗಲೇ ಸಿಕ್ಕಿರುತ್ತದೆ. ನೆನಪಿಡಿ, ತಲೆಹೊಟ್ಟು ಕೊಳಕಿನಿಂದ ಬರುವುದಲ್ಲ. ಎಣ್ಣೆ ಕಡಿಮೆಯಾಗಿ ಬರುವುದೂ ಅಲ್ಲ.

ಹೇಗೆ ಬರುತ್ತದೆ?

ನಮ್ಮೆಲ್ಲರ ನೆತ್ತಿಯಲ್ಲೂ ಮಲಸೀಝಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ಇರುತ್ತದೆ. ಚರ್ಮದ ಜಿಡ್ಡೇ ಅದರ ಆಹಾರ. ಜಿಡ್ಡನ್ನು ಅದು ಒಡೆದಾಗ ಉಂಟಾಗುವ ಆಮ್ಲ ಕೆಲವರ ಚರ್ಮವನ್ನು ಕೆರಳಿಸುತ್ತದೆ. ಆಗ ಚರ್ಮ ಬೇಗಬೇಗನೆ ಬೆಳೆದು ಚಕ್ಕೆಯಾಗಿ ಉದುರುತ್ತದೆ, ತುರಿಕೆಯೂ ಇರುತ್ತದೆ. ಹರೆಯದಲ್ಲಿ ಜಿಡ್ಡು ಹೆಚ್ಚುವುದರಿಂದ ತಲೆಹೊಟ್ಟು ಸಾಮಾನ್ಯವಾಗಿ ಆಗಲೇ ಶುರುವಾಗುತ್ತದೆ. ಯುನಾನಿ ಗ್ರಂಥಗಳಲ್ಲಿ ಇದಕ್ಕೆ 'ಹಝಾಝ್' ಎಂಬ ಹೆಸರಿದೆ.

ಏನು ಮಾಡಬೇಕು?

* ತಲೆಹೊಟ್ಟು ಇರುವಾಗ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಡಿ. ಹಚ್ಚಲೇಬೇಕೆಂದಿದ್ದರೆ ಸ್ನಾನಕ್ಕೆ ಸ್ವಲ್ಪ ಮೊದಲು ಹಚ್ಚಿ, ಚೆನ್ನಾಗಿ ತೊಳೆದುಬಿಡಿ.

* ಔಷಧ ಅಂಗಡಿಯಲ್ಲಿ ಸಿಗುವ 2% ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, 2ರಿಂದ 4 ವಾರ ಬಳಸಿ. ಹಚ್ಚಿದ ತಕ್ಷಣ ತೊಳೆದರೆ ಪ್ರಯೋಜನವಿಲ್ಲ. ನೆತ್ತಿಗೆ ಹಚ್ಚಿ 3ರಿಂದ 5 ನಿಮಿಷ ಬಿಡಬೇಕು. ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ.

* ಸ್ನಾನದ ನಂತರ ಕೂದಲು ಒಣಗಿದ ಮೇಲೆಯೇ ಸ್ಕಾರ್ಫ್ ಧರಿಸಿ. ಒದ್ದೆ ಕೂದಲನ್ನು ಕಟ್ಟಿ ಮುಚ್ಚಿದರೆ ತುರಿಕೆ ಹೆಚ್ಚುತ್ತದೆ. ಸ್ಕಾರ್ಫ್, ಅದರ ಒಳಗಿನ ಕ್ಯಾಪ್, ನಮಾಝಿನ ಟೋಪಿ, ದಿಂಬಿನ ಹೊದಿಕೆ ಇವುಗಳನ್ನು ಆಗಾಗ ಒಗೆಯಿರಿ.

* ಮೆಂತ್ಯದ ಲೇಪ ನೆತ್ತಿಗೆ ತಂಪು ಕೊಡಬಹುದು, ಆದರೆ ಅದು ಮದ್ದಿಗೆ ಬದಲಿಯಲ್ಲ. ಕೆರೆದು ಗಾಯವಾದ ನೆತ್ತಿಗೆ ನಿಂಬೆರಸ ಉಜ್ಜಬೇಡಿ. 'ಕಪ್ಪು ಮೆಹಂದಿ'ಯನ್ನೂ ಹಚ್ಚಬೇಡಿ. ಶುದ್ಧ ಮೆಹಂದಿ ಕೆಂಪು ಬಣ್ಣ ಕೊಡುತ್ತದೆ. ಕಪ್ಪು ಬಣ್ಣಕ್ಕಾಗಿ ಬೆರೆಸುವ ಪಿಪಿಡಿ ಎಂಬ ರಾಸಾಯನಿಕದಿಂದ ತೀವ್ರ ಅಲರ್ಜಿ ಆಗಬಹುದು.

ಎಲ್ಲವೂ ತಲೆಹೊಟ್ಟಲ್ಲ

ತಲೆಹೊಟ್ಟು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದರೆ ಶಾಲೆ, ಮದ್ರಸಕ್ಕೆ ಹೋಗುವ ಚಿಕ್ಕ ಮಕ್ಕಳ ತಲೆಯಲ್ಲಿ ಚಕ್ಕೆಯ ಜೊತೆಗೆ ದುಂಡಗೆ ಕೂದಲು ಉದುರಿದ್ದರೆ, ಕೂದಲು ಬುಡದಲ್ಲೇ ತುಂಡಾಗುತ್ತಿದ್ದರೆ ಅದು ಹುಳುಕಡ್ಡಿಯಿರಬಹುದು. ಅದು ಹರಡುತ್ತದೆ. ಅದಕ್ಕೆ ಶಾಂಪೂ ಸಾಲದು, ವೈದ್ಯರ ಸಲಹೆಯಂತೆ ಮಾತ್ರೆ ಬೇಕಾಗುತ್ತದೆ. ಆದ್ದರಿಂದ ಮಕ್ಕಳ ಬಾಚಣಿಗೆ, ಟೋಪಿ ಬೇರೆಬೇರೆ ಇರಲಿ. ಮಸೀದಿಯಲ್ಲಿಟ್ಟಿರುವ ಟೋಪಿ ಹಾಕುವ ಬದಲು ಮನೆಯಿಂದಲೇ ಒಂದು ಕೊಟ್ಟು ಕಳಿಸಿ.

ನೆತ್ತಿಯಲ್ಲಿ ದಪ್ಪ, ಬೆಳ್ಳಿಯಂಥ ಪದರ ಕಟ್ಟಿದ್ದು, ಮೊಣಕೈ, ಮೊಣಕಾಲಲ್ಲೂ ಅದೇ ಕಂಡರೆ ಸೋರಿಯಾಸಿಸ್ ಇರಬಹುದು. ನಾಲ್ಕು ವಾರ ಶಾಂಪೂ ಬಳಸಿಯೂ ಕಡಿಮೆಯಾಗದಿದ್ದರೆ, ಕೀವು ಅಥವಾ ನೋವಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ.

ತಲೆಹೊಟ್ಟು ಹತೋಟಿಗೆ ಬರುತ್ತದೆ, ಆದರೆ ಮರಳಿ ಬರುವುದೂ ಸಹಜ. ಕಡಿಮೆಯಾದ ಮೇಲೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಅದೇ ಶಾಂಪೂ ಬಳಸುತ್ತಿರಿ. ಶಾಶ್ವತವಾಗಿ ಗುಣಪಡಿಸುತ್ತೇವೆಂಬ ಜಾಹೀರಾತಿಗೆ ಹಣ ಸುರಿಯಬೇಡಿ. ಕೂದಲಿನ ಆರೈಕೆ ಮಾಡಬೇಕೆಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಮಗಳಿಗೆ ಆ ಆರೈಕೆಯನ್ನು ಹೇಳಿಕೊಡಿ, ಬೈಗುಳ ಬೇಡ.